ನಕಾಟೊಳ ಡಬ್ಬಿ

ಮಿಡತೆಯ ಕಾಲ ಮುಗಿಯುತ್ತ ಬಂದಿತ್ತು. ನವೆಂಬರ್ ತಿಂಗಳ ಕೊನೆಯ ಶನಿವಾರ, ಬೆಳಗಿನ ಹತ್ತರ ಹೊತ್ತು. ಹಿಂದಿನ ದಿನದ ಮಳೆಗೆ ನೆನೆದ ಕೆಮ್ಮಣ್ಣು ಇನ್ನೂ ಕಾಲಿಗೆ ಅಂಟುತ್ತಿತ್ತು. ನ್ಯೆಂಡೊ ಊರಿನಲ್ಲಿ ಸಲೊಂಗೊನ ಮನೆಯ ಹೆಂಗಸರು ನಾಲ್ವರೂ ಜಗಲಿಯ ಚಾಪೆಯ ಮೇಲೆ ಕೂತು, ಹುರಿದು ತಿನ್ನಲೆಂದು ಮಿಡತೆಗಳ ರೆಕ್ಕೆ, ಕಾಲು ಕೀಳುತ್ತಿದ್ದರು. ಆಗ ಕಂಪಾಲಾದಿಂದ ಸೆಂಗಾ ನಬ್ಬೋಸಾ ಬಂದಳು. ಅವಳ ಕೈಚೀಲದಲ್ಲಿ ಒಂದು ಬಿಳಿ ಡಬ್ಬಿ ಇತ್ತು. ಆ ಮನೆಯೊಳಗೆ ಹೊಟ್ಟೆಕಿಚ್ಚು ಕಾಲಿಟ್ಟದ್ದು ಆ ಡಬ್ಬಿಯ ಜೊತೆಯಲ್ಲೇ.

ಸಲೊಂಗೊ ಎಂದರೆ ಅವಳಿಗಳ ಅಪ್ಪ, ನಲೊಂಗೊ ಎಂದರೆ ಅವಳಿಗಳ ಅಮ್ಮ. ಹದಿಮೂರು ವರ್ಷದ ಹಿಂದೆ ಎರಡು ಹೆಣ್ಣು ಒಟ್ಟಿಗೆ ಹುಟ್ಟಿದಂದಿನಿಂದ ಆ ಗಂಡ ಹೆಂಡಿರ ಮೊದಲಿನ ಹೆಸರನ್ನು ಊರು ಮರೆತೇಬಿಟ್ಟಿದೆ. ಮೊದಲು ಹೊರಬಂದವಳು ಬಬಿರ್ಯೆ, ಅವಳ ಬೆನ್ನಿಗೆ ಬಂದವಳು ನಕಾಟೊ. ಮುಖ ಒಂದೇ, ದನಿ ಒಂದೇ. ನಲೊಂಗೊ ಕೂಡ ಎಷ್ಟೋ ದಿನ ಕಿವಿಯ ಹಿಂದಿನ ಮಚ್ಚೆ ನೋಡಿಯೇ ಹಾಲು ಕುಡಿಸಿದ್ದಳು. ಎಂಟನೇ ವರ್ಷಕ್ಕೆ ಮಾತ್ರ ಮಚ್ಚೆ ನೋಡುವ ಕೆಲಸ ತಪ್ಪಿತು. ನಕಾಟೊಳ ಕಣ್ಣು ಪಟಪಟ ಬಡಿಯತೊಡಗಿತು, ಆಮೇಲೆ ಕತ್ತು ಎಡಕ್ಕೆ ಎಳೆಯತೊಡಗಿತು, ಕೊನೆಗೆ ಜೋಳದ ಕಾಳು ಗಂಟಲಿಗೆ ಸಿಕ್ಕಿದ ಕೋಳಿಯ ಹಾಗೆ ‘ಹಕ್’ ಎಂಬ ಸದ್ದು. ದೊಡ್ಡ ಆಸ್ಪತ್ರೆಯ ಡಾಕ್ಟರು ಇದಕ್ಕೆ ಟುರೆಟ್ ಅಂತ ಹೆಸರು, ಯಾರ ಮಾಟವೂ ಅಲ್ಲ, ಹುಡುಗಿ ಬೇಕೆಂದು ಮಾಡುವುದೂ ಅಲ್ಲ, ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ ಎಂದಿದ್ದರು. ಅವರು ಕೊಟ್ಟ ಮಾತ್ರೆ ನುಂಗಿ ಹುಡುಗಿ ತರಗತಿಯಲ್ಲಿ ತೂಕಡಿಸಿದಳು. ನಲೊಂಗೊ ಅದನ್ನು ನಿಲ್ಲಿಸಿಬಿಟ್ಟಿದ್ದಳು.

ಸೆಂಗಾ ಎಂದರೆ ಅಪ್ಪನ ಒಡಹುಟ್ಟಿದವಳು. ನಬ್ಬೋಸಾ ಸಲೊಂಗೊಗೆ ಅಕ್ಕ. ಹೆಣ್ಣುಮಕ್ಕಳ ವಿಷಯ ಬಂದಾಗ ಸೆಂಗಾಳ ಮಾತು ಹೆತ್ತವರ ಮಾತಿಗಿಂತ ಒಂದು ಹಿಡಿ ಹೆಚ್ಚೇ ತೂಗುತ್ತದೆ. ಅವಳು ಕಂಪಾಲಾದಲ್ಲಿ ಒಂದು ಗುಂಪಿನ ಜೊತೆ ಸೇರಿ ಶಕ್ತಿಯ ಮಾತ್ರೆ ಮಾರುತ್ತಿದ್ದಳು. ಮಕ್ಕಳಿರಲಿಲ್ಲ. ಗಂಡ ಬಿಟ್ಟುಹೋಗಿ ಬಹಳ ವರ್ಷವಾಗಿತ್ತು.

ಅವಳಿಗಳಿಬ್ಬರೂ ಮಂಡಿಯೂರಿ ನಮಸ್ಕರಿಸಿದ ಮೇಲೆ ಸೆಂಗಾ ಡಬ್ಬಿ ತೆಗೆದು ಚಾಪೆಯ ಮೇಲಿಟ್ಟಳು. ಒಳಗಿರುವುದು ಮೆಗ್ನೀಸಿಯಂ ಮತ್ತು ಬಿ ಸಿಕ್ಸ್, ನರಗಳಿಗೆ ಊಟ ಇದ್ದ ಹಾಗೆ, ಬೆಳಿಗ್ಗೆ ಎರಡು ಸಂಜೆ ಎರಡು ಎಂದಳು. ಸಕ್ಕರೆ ಹಾಕಿದ ಚಹಾ ಬೇಡ, ಸೋಡಾ ಬೇಡ, ದಿನಾ ಮೊಟ್ಟೆ ಬೇಕು. ಆಯಾಸ ಆಗಬಾರದು, ಆದ್ದರಿಂದ ನೀರು ಹೊರುವುದು, ಬಾಳೆಕಾಯಿ ಸುಲಿಯುವುದು ನಕಾಟೊಗೆ ಬೇಡ. ಹೇಳುತ್ತ ಹೇಳುತ್ತ ಪೆನ್ನು ತೆಗೆದು ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ‘ನಕಾಟೊ’ ಎಂದು ಬರೆದಳು.

ಬಬಿರ್ಯೆ ಆ ಬರಹವನ್ನು ನೋಡಿದಳು. ಹುಟ್ಟಿದಂದಿನಿಂದ ಆ ಮನೆಗೆ ಬಂದ ಲಂಗ ಎರಡು, ಚಪ್ಪಲಿ ಎರಡು ಜೊತೆ, ಕಬ್ಬಿನ ತುಂಡೂ ಅಳೆದು ಎರಡು. ಒಬ್ಬಳದೇ ಹೆಸರು ಬರೆದ ವಸ್ತು ಇದೇ ಮೊದಲು.

ಅವಳಿಗಳ ಅಜ್ಜಿ, ಸೆಂಗಾಳ ತಾಯಿ, ಕೈಯಲ್ಲಿದ್ದ ಮಿಡತೆಯನ್ನು ಬುಟ್ಟಿಗೆ ಹಾಕಿ ಕೇಳಿದಳು.

“ಬಬಿರ್ಯೆ ಡಬ್ಬಿ ಎಲ್ಲಿ?”

“ಅವಳಿಗೆ ಏನಾಗಿದೆ ಅಮ್ಮ?”

“ಏನೂ ಆಗಿಲ್ಲ. ಇನ್ಮೇಲೆ ಆಗುತ್ತೆ. ಅವಳಿಗಳಲ್ಲಿ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಇಟ್ರೆ ಮನೆ ಸುಡುತ್ತೆ. ನಿನಗೆ ನಾನು ಹೇಳಿಕೊಡಬೇಕಾ? ನೀನು ಸೆಂಗಾ.”

“ಇದು ಔಷಧಿ ಅಮ್ಮ, ಲಂಗ ಅಲ್ಲ.”

“ಔಷಧಿ ಮನೇಲೇ ಇತ್ತು. ಯಾರು ಕೇಳಿದ್ರು?”

ಅಜ್ಜಿಯ ಸಂಕಟ ಅಲ್ಲಿತ್ತು. ನಲವತ್ತು ವರ್ಷದಿಂದ ಅವಳು ಸೊಪ್ಪು, ಬೇರು, ತೊಗಟೆ ಕುಟ್ಟಿ ಜೇಡಿಮಣ್ಣಿನಲ್ಲಿ ಕಲಸಿ, ಕಡ್ಡಿಯ ಹಾಗೆ ಹೊಸೆದು ಬಿಸಿಲಿಗಿಟ್ಟು ಮುಂಬ್ವ ಮಾಡುತ್ತಿದ್ದಳು. ಬಸುರಿಯರು, ಬಾಣಂತಿಯರು, ಸಪ್ಪಗಾದ ಮಕ್ಕಳು, ಎಲ್ಲರೂ ಅದನ್ನು ಕಲ್ಲಿನ ಮೇಲೆ ತೇಯ್ದು ಕುಡಿಯುತ್ತಿದ್ದರು. ಮಾರುಕಟ್ಟೆಯಲ್ಲಿ ಅವಳ ಬುಟ್ಟಿ ಇಟ್ಟ ಜಾಗಕ್ಕೆ ಬೇರೆಯವರು ಬರುತ್ತಿರಲಿಲ್ಲ. ಸೆಂಗಾ ಮಾತ್ರ ಎರಡು ಔಷಧಿ ಒಟ್ಟಿಗೆ ಬೇಡ, ಈ ಹುಡುಗಿಗೆ ಮುಂಬ್ವ ಮುಟ್ಟಿಸಕೂಡದು ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಹೆತ್ತ ಮಗಳೇ ಹಾಗಂದಮೇಲೆ ಅಜ್ಜಿ ಆ ದಿನ ಊಟಕ್ಕೆ ಏಳಲಿಲ್ಲ.

ಕೊನೆಗೆ ನಲೊಂಗೊ ನಡುವೆ ಬಂದು ರಾಜಿ ಮಾಡಿಸಿದಳು. ಮೊಟ್ಟೆ ಇಬ್ಬರಿಗೂ, ಡಬ್ಬಿ ಒಬ್ಬಳಿಗೆ. ಸಲೊಂಗೊ ಸಂಜೆ ತನ್ನ ವೆಲ್ಡಿಂಗ್ ಅಂಗಡಿಯಿಂದ ಬಂದು, ಕಣ್ಣುಜ್ಜಿಕೊಂಡು, ಹಾಗೇ ಆಗಲಿ ಎಂದ.

ಆದರೆ ಕೆಲಸದ ಪಾಲು ಯಾರೂ ಲೆಕ್ಕ ಹಾಕಲಿಲ್ಲ. ನಲೊಂಗೊ ಬೆಳಿಗ್ಗೆ ಗ್ಯಾರೇಜಿನ ಮೆಕ್ಯಾನಿಕ್ಕುಗಳಿಗೆ ಮಧ್ಯಾಹ್ನದ ಊಟ ಬೇಯಿಸಲು ಹೋದರೆ ಮೂರು ಗಂಟೆಯವರೆಗೆ ಮನೆ ಬಬಿರ್ಯೆಯದು. ಏಳನೇ ತರಗತಿಯ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಜನವರಿಗೆ. ಶಾಲೆಯ ನೆಪ ಹೇಳುವ ಹಾಗೂ ಇರಲಿಲ್ಲ. ಮೊದಲು ಇಬ್ಬರು ಎರಡೆರಡು ಕ್ಯಾನು ಹೊರುತ್ತಿದ್ದ ನೀರನ್ನು ಈಗ ಅವಳೊಬ್ಬಳು ನಾಲ್ಕು ಸಲ ದಿಣ್ಣೆಯ ಕೆಳಗಿನ ನೀರಿನ ಊಟೆಗೆ ಹೋಗಿ ತರಬೇಕು. ಬಾಳೆಕಾಯಿ ಸುಲಿದು ಬೆರಳೆಲ್ಲ ಕಪ್ಪಾಯಿತು. ನಕಾಟೊ ಜಗಲಿಯಲ್ಲಿ ಕೂತು ಹಳೇ ಪತ್ರಿಕೆ ತಿರುವುತ್ತ, ನಡುನಡುವೆ ‘ಹಕ್’ ಎನ್ನುತ್ತ, ಎಲೆ ಎಲ್ಲಿಟ್ಟಿದೆ, ಸೌದೆ ಹಸಿಯಿದೆ ಎಂದು ಹೇಳುತ್ತಿದ್ದಳು.

“ಯಜಮಾನಿ, ಇನ್ನೇನಾದ್ರೂ ಅಪ್ಪಣೆ?” ಎಂದು ಬಬಿರ್ಯೆ ಒಂದು ದಿನ ಕೇಳಿದಳು.

“ಬೀನ್ಸು ತಳ ಹಿಡೀತಿದೆ. ವಾಸನೆ ಬರ್ತಿಲ್ವಾ ನಿನಗೆ?”

ಬೀನ್ಸು ನಿಜವಾಗಿಯೂ ತಳ ಹಿಡಿದಿತ್ತು.

ಇದೆಲ್ಲದರ ಮೇಲೆ ಇನ್ನೊಂದು. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಡಬ್ಬಿಯಿಂದ ಎರಡೆರಡು ಮಾತ್ರೆ ತೆಗೆದು, ಲೋಟದಲ್ಲಿ ನೀರು ತುಂಬಿ, ತಂಗಿಯ ಕೈಗೆ ಕೊಡುವ ಕೆಲಸವೂ ಬಬಿರ್ಯೆಗೇ ಬಂತು. ಮೊದಲು ಹುಟ್ಟಿದವಳು ಹಿಂದೆ ಹುಟ್ಟಿದವಳಿಗೆ ಸೇವೆ ಮಾಡಬೇಕು. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಹತ್ತು ದಿನ ಮಾಡಿದಳು.

ಹನ್ನೊಂದನೆಯ ದಿನ ಅಡಿಗೆಮನೆಯ ಹಿಂದೆ ನಿಂತು ಒಂದು ಮಾತ್ರೆಯನ್ನು ಎರಡು ಬೆರಳಲ್ಲಿ ತಿರುಚಿದಳು. ಅದು ಮಧ್ಯಕ್ಕೆ ಬಿಚ್ಚಿಕೊಂಡಿತು, ಟೊಪ್ಪಿ ತೆಗೆದ ಹಾಗೆ. ಒಳಗೆ ಬಿಳಿ ಪುಡಿ. ನಾಲಿಗೆಗೆ ಹಾಕಿಕೊಂಡಳು. ಕಹಿ, ಜೊತೆಗೆ ತುಕ್ಕು ನೆಕ್ಕಿದ ಹಾಗೆ. ಆದರೂ ನುಂಗಿದಳು. ಖಾಲಿ ಟೊಪ್ಪಿಗಳನ್ನು ಏನು ಮಾಡುವುದು? ಪಕ್ಕದ ಕಲ್ಲಿನ ಮೇಲೆ ಅಜ್ಜಿಯ ಮುಂಬ್ವ ಒಣಗುತ್ತಿತ್ತು. ಒಂದು ಕಡ್ಡಿಯನ್ನು ಚಾಕುವಿನಿಂದ ಕೆರೆದು, ಪುಡಿ ತುಂಬಿ, ಟೊಪ್ಪಿ ಮುಚ್ಚಿದಳು. ಮಾತ್ರೆಯ ಹೊದಿಕೆ ಗಾಢ ಹಳದಿ. ಒಳಗಿರುವುದು ಬಿಳುಪೋ ಬೂದಿಯೋ ತಿಳಿಯುತ್ತಿರಲಿಲ್ಲ. ಇನ್ನೊಂದನ್ನೂ ಹಾಗೇ ಮಾಡಿ ಲೋಟದ ಜೊತೆ ತಂದುಕೊಟ್ಟಳು. ನಕಾಟೊ ನುಂಗಿದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ತಂಗಿಗೆ ಮಣ್ಣು, ತನಗೆ ಔಷಧಿ. ಔಷಧಿ ಬೇಕಾಗಿರಲಿಲ್ಲ ಬಬಿರ್ಯೆಗೆ. ಆ ಹೆಸರು ಬರೆದ ಡಬ್ಬಿಯೊಳಗಿನದು ಬೇಕಾಗಿತ್ತು.

ನಾಲ್ಕೇ ದಿನಕ್ಕೆ ಅವಳ ಹೊಟ್ಟೆ ಸಡಿಲವಾಯಿತು. ಬಾಳೆತೋಟದ ತುದಿಯ ಕಕ್ಕಸಿಗೆ ದಿನಕ್ಕೆ ಐದು ಸಲ ಓಡಿದಳು. ಮಾವಿನಹಣ್ಣು ಜಾಸ್ತಿ ತಿಂದಿದ್ದೀಯ ಎಂದು ನಲೊಂಗೊ ಬೈದಳು. ಅಜ್ಜಿ ಮುಂಬ್ವ ತೇಯ್ದು ಕುಡಿಸಲು ಬಂದಳು. ತನ್ನ ಕಡ್ಡಿಗಳು ಯಾಕೋ ಬೇಗ ಸವೆಯುತ್ತಿವೆ, ಇಲಿ ಮಣ್ಣು ತಿನ್ನೋದನ್ನ ಈ ವಯಸ್ಸಲ್ಲಿ ನೋಡಬೇಕಾಯ್ತು ಎಂದು ಗೊಣಗಿಕೊಂಡಳು.

“ನಿನಗೂ ಏನೋ ಕಾಯಿಲೆ ಬಂತು, ಬಿಡು,” ಎಂದಳು ನಕಾಟೊ. “ಇನ್ನು ನಿನ್ನ ಹೆಸರಲ್ಲೂ ಒಂದು ಡಬ್ಬಿ ಬರುತ್ತೆ.”

ಅಲ್ಲಿಗೆ ಕ್ರಿಸ್‌ಮಸ್ ಬಂತು. ಕ್ರಿಸ್‌ಮಸ್‌ಗೆ ನಾಲ್ಕು ದಿನ ಇರುವಾಗ ನಕಾಟೊಳ ಗಂಟಲ ಸದ್ದು ನಿಂತಿತು. ಕತ್ತು ಎಳೆಯುವುದು ಬೆಳಿಗ್ಗೆ ಒಂದೆರಡು ಸಲ, ಸಂಜೆ ಒಂದು ಸಲ, ಅಷ್ಟಕ್ಕೆ ಇಳಿಯಿತು. ಹಬ್ಬದ ಪೂಜೆಗೆ ಮನೆಮಂದಿ ಚರ್ಚಿನಲ್ಲಿ ಮೂರನೇ ಬೆಂಚಿನಲ್ಲಿ ಕೂತರು. ಹಿಂದಿನ ವರ್ಷಗಳಲ್ಲಿ ಪಾದ್ರಿ ರೊಟ್ಟಿ ಎತ್ತುವ ಹೊತ್ತಿಗೆ ಸರಿಯಾಗಿ ‘ಹಕ್’ ಎಂದು ಕೇಳಿ ಜನ ತಿರುಗಿ ನೋಡುತ್ತಿದ್ದರು. ಆ ವರ್ಷವೂ ತಿರುಗಿದರು, ಅಭ್ಯಾಸಬಲ. ನಕಾಟೊ ಮಂಡಿಯೂರಿ ಸುಮ್ಮನೆ ಇದ್ದಳು. ನಲೊಂಗೊ ಅತ್ತಳು. ಹೊರಗೆ ಬಂದಮೇಲೆ ಹೆಂಗಸರು ಒಬ್ಬೊಬ್ಬರಾಗಿ ನಕಾಟೊಳ ಕೈಹಿಡಿದು ಮುಖ ನೋಡಿದರು. ಬಬಿರ್ಯೆ ಪಕ್ಕದಲ್ಲೇ, ಅದೇ ಲಂಗ ತೊಟ್ಟು ನಿಂತಿದ್ದಳು. ಅವಳು ಹುಟ್ಟಿದಂದಿನಿಂದ ಚರ್ಚಿನಲ್ಲಿ ಸುಮ್ಮನೇ ಕೂತಿದ್ದಳು. ಅದಕ್ಕಾಗಿ ಒಬ್ಬರೂ ಅವಳ ಕೈಹಿಡಿದಿರಲಿಲ್ಲ.

ಸೆಂಗಾ ಹೊಸವರ್ಷಕ್ಕೆ ಬಂದಾಗ ಎರಡನೇ ಡಬ್ಬಿ ತಂದಳು. ನಕಾಟೊಳನ್ನು ಬಿಸಿಲಿಗೆ ನಿಲ್ಲಿಸಿ ಫೋನಿನಲ್ಲಿ ಫೋಟೋ ತೆಗೆದಳು. ಅಜ್ಜಿಗೆ ಎರಡು ಮಾತು ಚುಚ್ಚದೆ ಬಿಡಲಿಲ್ಲ. ಮರುದಿನ ಅಜ್ಜಿ ಜೇಡಿಮಣ್ಣು ತರಲು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಚಾಪೆಯ ಮೇಲೆ ಕೂತು, ಇನ್ನು ಈ ಬುಟ್ಟಿ ಯಾರಿಗಾದರೂ ಕೊಟ್ಟುಬಿಡು, ಈಗಿನ ಜನಕ್ಕೆ ಅಂಗಡಿ ಡಬ್ಬೀನೇ ಸರಿ ಎಂದು ಸೊಸೆಗೆ ಹೇಳಿದಳು. ಬಬಿರ್ಯೆಗೆ ನಿಜ ಸಂಗತಿ ನಾಲಿಗೆ ತುದಿಯವರೆಗೆ ಬಂತು. ಹೇಳಿದರೆ ಬೆನ್ನಿಗೆ ಬೆತ್ತ. ನುಂಗಿಕೊಂಡಳು.

ಜನವರಿ ಮೂರನೇ ವಾರ ಪರೀಕ್ಷೆಯ ಫಲಿತಾಂಶ ಬಂತು. ಬಬಿರ್ಯೆ ಮೊದಲ ದರ್ಜೆ, ನಕಾಟೊ ಎರಡನೇ ದರ್ಜೆ. ಸಲೊಂಗೊ ಎರಡು ಕೋಳಿ ಕೊಯ್ಯಿಸಿದ, ಒಂದೊಂದು ಹೆಸರಿಗೆ ಒಂದೊಂದು. ಭಾನುವಾರದ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಎಲೆಯಲ್ಲಿ ಬೇಯಿಸಿದ ಬಾಳೆಕಾಯಿಯ ಮುದ್ದೆ, ಕಡಲೆಕಾಯಿ ಗೊಜ್ಜು, ಕೋಳಿ. ಅಂದು ಬಂದಿದ್ದ ಸೆಂಗಾ ಊಟದ ಮಧ್ಯೆ ಮಾತು ತೆಗೆದಳು. ಕಂಪಾಲಾದಲ್ಲಿ ತನ್ನ ಮನೆ ಹತ್ತಿರ ಒಳ್ಳೆಯ ಹೈಸ್ಕೂಲಿದೆ, ಫೀಸು ತನ್ನದು, ನಕಾಟೊಳನ್ನು ಕರೆದುಕೊಂಡು ಹೋಗುತ್ತೇನೆ. ಶನಿವಾರ ಶನಿವಾರ ತನ್ನ ಮೀಟಿಂಗಿಗೆ ಒಂದು ಗಂಟೆ ಬಂದು ನಿಂತರೆ ಸಾಕು, ಜನ ಕಣ್ಣಾರೆ ನೋಡಲಿ.

ಸಲೊಂಗೊ ಒಪ್ಪಿ ತಲೆಯಾಡಿಸಿದ. ಹೋದರೆ ಇಬ್ಬರೂ, ಇಲ್ಲದಿದ್ದರೆ ಯಾರೂ ಇಲ್ಲ ಎಂದಳು ಅಜ್ಜಿ. ನನ್ನದು ಒಂದು ಕೋಣೆ, ಒಂದು ಮಂಚ, ಒಬ್ಬಳಿಗೇ ಕಷ್ಟ ಎಂದಳು ಸೆಂಗಾ.

“ಮೊದಲನೇ ದರ್ಜೆ ನನ್ನದು,” ಎಂದಳು ಬಬಿರ್ಯೆ.

ಊಟದ ನಡುವೆ ಮಕ್ಕಳು ಬಾಯಿಹಾಕುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಸಲೊಂಗೊ ತಲೆ ಎತ್ತಿ ನೋಡಿದ.

“ನೀನು ಗಟ್ಟಿ ಇದೀಯ ಕಣೇ,” ಎಂದಳು ಸೆಂಗಾ. “ಎಲ್ಲಿದ್ರೂ ಓದ್ಕೊತೀಯ. ಇವಳು ಈಗ ತಾನೇ ನನ್ನ ಔಷಧೀಲಿ ಎದ್ದಿದಾಳೆ.”

“ಅವಳು ನುಂಗಿದ್ದು ನಿಮ್ಮ ಔಷಧಿ ಅಲ್ಲ. ಅಜ್ಜಿಯ ಮುಂಬ್ವ. ಒಂದು ತಿಂಗಳಿಂದ ಪುಡಿ ಬಿಚ್ಚಿ ನಾನು ತಿಂತಿದೀನಿ. ಅವಳಿಗೆ ಮಣ್ಣು ತುಂಬಿ ಕೊಡ್ತಿದೀನಿ.”

ಯಾರ ಕೈಯೂ ತಟ್ಟೆಗೆ ಹೋಗಲಿಲ್ಲ. ನಲೊಂಗೊ ಎದ್ದು ಮಗಳ ಕೆನ್ನೆಗೆ ಎರಡು ಬಿಗಿದಳು. ವಿಷ ಗಿಷ ಆಗಿದ್ದರೆ ಏನು ಗತಿ, ನಿನ್ನ ಹೊಟ್ಟೆ ಓಡಿದ್ದು ಇದಕ್ಕೇನಾ ಎಂದು ಕೇಳಿದಳು. ಬಬಿರ್ಯೆ ಅಳಲಿಲ್ಲ. ಹೊಡೆತ ಅವಳು ಎಣಿಸಿಕೊಂಡೇ ಬಾಯಿಬಿಟ್ಟಿದ್ದಳು. ಇನ್ನು ನಕಾಟೊ ಹೋಗುವುದಿಲ್ಲ, ಸೆಂಗಾ ಡಬ್ಬಿ ಎತ್ತಿಕೊಂಡು ಹೊರಡುತ್ತಾಳೆ, ಮೊದಲಿನ ಹಾಗೆ ಎಲ್ಲವೂ ಎರಡೆರಡು ಆಗುತ್ತದೆ ಎಂದು ಕಾದಳು.

ಆದದ್ದೇ ಬೇರೆ. ಅಜ್ಜಿ ನಗತೊಡಗಿದಳು. ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿ, ಕಣ್ಣೀರು ಬರುವಷ್ಟು ನಕ್ಕಳು.

“ಹಂಗಾದ್ರೆ ಮಗೂನ ನೆಟ್ಟಗೆ ಮಾಡಿದ್ದು ಯಾರು?”

ಸೆಂಗಾ ಕೋಳಿಯ ಮೂಳೆ ಕೆಳಗಿಟ್ಟು ಕೈ ತೊಳೆದಳು. “ಮೊದಲ ಹತ್ತು ದಿನ ನಂದು ನುಂಗಿದಾಳಲ್ಲ. ಬೇರು ಬಿಟ್ಟಿದ್ದು ಅದೇ. ಈ ಮಾತು ಇಲ್ಲಿರೋರು ಬಿಟ್ಟು ಹೊರಗೆ ಯಾರಿಗೂ ಗೊತ್ತಾಗೋದು ಬೇಡ.”

“ಹೊರಗೆ ಎಲ್ಲರಿಗೂ ಗೊತ್ತಾಗಬೇಕು. ನಾಳೆಯಿಂದ ನಕಾಟೊ ನನ್ನ ಜೊತೆ ಮಾರ್ಕೆಟ್ಟಿಗೆ ಬರ್ತಾಳೆ.”

ತಾಯಿ ಮಗಳು ಅಲ್ಲೇ ಜಗಳಕ್ಕೆ ನಿಂತರು. ಯಾರ ಔಷಧಿ, ಯಾರ ಹುಡುಗಿ. ಮೊದಲು ಒಂದು ಕಡೆಯಿಂದ ಎಳೆಯುತ್ತಿದ್ದ ನಕಾಟೊಳನ್ನು ಈಗ ಎರಡು ಕಡೆಯಿಂದ ಎಳೆದರು. ಬಬಿರ್ಯೆ ಸತ್ಯ ಹೇಳಿ ತಂಗಿಯ ಬೆಲೆಯನ್ನು ದುಪ್ಪಟ್ಟು ಮಾಡಿದ್ದಳು. ಅವಳ ಮೊದಲ ದರ್ಜೆಯ ಮಾತು ಯಾರೂ ಮತ್ತೆ ಎತ್ತಲಿಲ್ಲ.

ಸಂಜೆ ಬಿಸಿಲು ತಗ್ಗಿದ ಮೇಲೆ ನೀರಿಗೆ ಹೊರಟಾಗ ನಕಾಟೊ ತಾನೂ ಒಂದು ಕ್ಯಾನು ಹಿಡಿದು ಹಿಂದೆ ಬಂದಳು. ಊಟೆಯ ಹತ್ತಿರ ಕ್ಯಾನು ತುಂಬುವಾಗ ಹೇಳಿದಳು.

“ನನಗೆ ಮೊದಲ ದಿನಾನೇ ಗೊತ್ತಾಯ್ತು.”

“ಏನು?”

“ಮಣ್ಣು. ತೇಗು ಬಂದ್ರೆ ಅಜ್ಜಿ ಬುಟ್ಟಿ ವಾಸನೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಡಬ್ಬಿ ನಿಲ್ಲಿಸ್ತಿದ್ರು. ಡಬ್ಬಿ ನಿಂತ್ರೆ ನೀರು ಹೊರಬೇಕಾಗ್ತಿತ್ತು.” ನಕಾಟೊ ಕ್ಯಾನಿನ ಮುಚ್ಚಳ ತಿರುಗಿಸಿದಳು. “ಅಲ್ಲದೆ ನೀನು ಕಕ್ಕಸಿಗೆ ಓಡೋದು ನೋಡೋಕೆ ಚೆನ್ನಾಗಿತ್ತು.”

ಬಬಿರ್ಯೆ ಅವಳ ಮುಖಕ್ಕೆ ನೀರು ಎರಚಿದಳು. ನಕಾಟೊ ಒರೆಸಿಕೊಳ್ಳಲಿಲ್ಲ.

“ನಿನಗೇನು ಕಮ್ಮಿಯಾಗಿತ್ತು ಅಂತ ಅದನ್ನೂ ಕಿತ್ಕೊಂಡೆ? ಬೆಂಚಿನ ಮೇಲೆ ಸುಮ್ನೆ ಕೂರೋದು ನಿನಗೆ ಬಿಟ್ಟಿ ಸಿಕ್ಕಿದೆ. ನಾನು ಹಿಂದಿನ ಸಾಲಲ್ಲಿ ಕೂತು ನಿನ್ನ ಕತ್ತು ನೋಡ್ತಿದ್ದೆ, ಕ್ಲಾಸಲ್ಲಿ. ಅದೊಂದು ಸಲ ಆದ್ರೂ ಎಳೀಲಿ ಅಂತ.”

ಬಬಿರ್ಯೆ ತನ್ನ ಕ್ಯಾನು ತಲೆಯ ಮೇಲೆ ಎತ್ತಿಕೊಂಡಳು. ಇಬ್ಬರೂ ದಿಣ್ಣೆ ಹತ್ತಿದರು.

ಸೋಮವಾರದಿಂದ ಅಜ್ಜಿಯ ಬುಟ್ಟಿ ಮತ್ತೆ ಮಾರುಕಟ್ಟೆಗೆ ಹೋಯಿತು, ಪಕ್ಕದಲ್ಲಿ ನಕಾಟೊ. ಅಜ್ಜಿ ಹುಡುಗಿಯ ಗಲ್ಲ ಹಿಡಿದು ಬಂದವರಿಗೆಲ್ಲ ತೋರಿಸಿದಳು. ಚರ್ಚಿನಲ್ಲಿ ನೋಡಿದವರು ಹೌದು ಹೌದು ಎಂದರು. ಮಂಗಳವಾರ ಒಣಗಿದ ಕಡ್ಡಿಯೆಲ್ಲ ಖರ್ಚಾಗಿ, ಹಸಿಯವನ್ನೇ ಜನ ಎಲೆಯಲ್ಲಿ ಸುತ್ತಿಸಿಕೊಂಡು ಹೋದರು. ಮನೆಯಲ್ಲಿ ಮಣ್ಣು ಕಲಸುವುದು, ಕಡ್ಡಿ ಹೊಸೆಯುವುದು ಬಬಿರ್ಯೆಯ ಪಾಲಿಗೆ ಬಂತು. ಕಂಪಾಲಾದಿಂದ ಸೆಂಗಾ ದಿನಾ ಫೋನು ಮಾಡಿ, ಆ ಹುಡುಗಿಯನ್ನು ಬಿಸಿಲಲ್ಲಿ ಕೂರಿಸಬೇಡಿ, ನನ್ನ ಜನಕ್ಕೆ ಹೇಳಿಯಾಗಿದೆ, ಭಾನುವಾರ ಬಂದು ಕರೆದೊಯ್ಯುತ್ತೇನೆ ಎಂದು ತಮ್ಮನ ಕಿವಿ ಕಡಿದಳು.

ಗುರುವಾರ ಮಧ್ಯಾಹ್ನ ಮೀನಿನ ಸಾಲಿನವರೆಗೂ ಜನ ನಿಂತಿದ್ದಾಗ ನಕಾಟೊಳ ಕತ್ತು ಎಳೆಯಿತು. ಆಮೇಲೆ ‘ಹಕ್’. ಆಮೇಲೆ ನಿಲ್ಲಲೇ ಇಲ್ಲ. ಅಷ್ಟು ದಿನ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂದ ಹಾಗೆ, ಕಣ್ಣು, ಕತ್ತು, ಭುಜ, ಗಂಟಲು. ಕಡ್ಡಿ ಕೊಂಡಿದ್ದ ಒಬ್ಬಳು ವಾಪಸು ಇಟ್ಟು ಹೋದಳು. ಅಜ್ಜಿ ಬುಟ್ಟಿಗೆ ಬಟ್ಟೆ ಮುಚ್ಚಿ, ಮೊಮ್ಮಗಳನ್ನು ತನ್ನ ಹೊದಿಕೆಯೊಳಗೆ ಸೇರಿಸಿಕೊಂಡು ಮನೆಗೆ ಕರೆತಂದಳು. ಆ ರಾತ್ರಿಯ ಊಟಕ್ಕೆ ಅಜ್ಜಿ ತನ್ನ ಪಾಲಿನ ಮೀನನ್ನು ಎರಡು ತುಂಡು ಮಾಡಿ ಇಬ್ಬರ ತಟ್ಟೆಗೂ ಹಾಕಿದಳು.

ಭಾನುವಾರ ಸೆಂಗಾ ಬಂದಳು, ನೋಡಿದಳು. ತುಂಬ ಹೊತ್ತು ಜಗಲಿಯಲ್ಲಿ ಉಗುರು ಕಚ್ಚುತ್ತ ಕೂತಳು. ಆಮೇಲೆ ತಮ್ಮನ ಹತ್ತಿರ, ಆಯ್ತು, ಬಬಿರ್ಯೆಯನ್ನೇ ಕಳಿಸು, ಹೇಗೂ ಮೊದಲ ದರ್ಜೆ ಎಂದಳು. ಸಲೊಂಗೊ ಇದೂ ಸರಿ ಎಂದ. ನಲೊಂಗೊ ದೇವರಿಗೆ ಕೈಮುಗಿದಳು. ಇಬ್ಬರ ಫೀಸು ಎಲ್ಲಿಂದ ಎಂಬ ಚಿಂತೆ ಅವಳಿಗೂ ಇತ್ತು. ಅಜ್ಜಿ ಇಬ್ಬರೂ ಅಥವಾ ಯಾರೂ ಇಲ್ಲ ಎಂದು ಇನ್ನೊಮ್ಮೆ ಹೇಳಿ ಗೋಡೆಯ ಕಡೆ ತಿರುಗಿದಳು.

ಸೆಂಗಾ ಬಬಿರ್ಯೆಯನ್ನು ಬಾಳೆತೋಟದೊಳಗೆ ಕರೆದುಕೊಂಡು ಹೋಗಿ ಉಳಿದ ಮಾತು ಹೇಳಿದಳು.

“ಮುಖ ಒಂದೇ ತಾನೇ. ಅಲ್ಲಿ ನಿನ್ನ ನಕಾಟೊ ಅಂತ ಕರೀತೀನಿ. ಮೀಟಿಂಗಲ್ಲಿ ಸುಮ್ನೆ ನಿಂತ್ಕೊ. ನಾನು ಮಾತಾಡ್ತೀನಿ.”

“ಸುಳ್ಳಲ್ವಾ ಸೆಂಗಾ?”

“ಡಬ್ಬೀಲಿರೋದು ನುಂಗಿದ್ದು ನೀನೇ. ಸುಮ್ನೆ ನಿಲ್ಲೋಳೂ ನೀನೇ. ಅದರಲ್ಲಿ ಸುಳ್ಳೆಷ್ಟು?” ಸೆಂಗಾ ಅವಳ ಭುಜದ ಮೇಲೆ ಕೈಯಿಟ್ಟಳು. “ಈ ತಿಂಗಳು ನಾನು ಯಾರನ್ನಾದರೂ ತೋರಿಸಲೇಬೇಕು ಕಣೇ. ಶೂಸು, ಯೂನಿಫಾರ್ಮು, ಎಲ್ಲ ಹೊಸದು ಕೊಡಿಸ್ತೀನಿ. ಒಂದೇ ಜೊತೆ. ನಿನಗೊಬ್ಬಳಿಗೇ.”

ನಿನಗೊಬ್ಬಳಿಗೇ ಎಂಬ ಮಾತು ಬಬಿರ್ಯೆಯ ಕಿವಿಗೆ ಜೇನಿನ ಹಾಗೆ ಇಳಿಯಿತು. ಹೂಂ ಎಂದಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳು ಒಳಕೋಣೆಯಲ್ಲಿ ಚೀಲ ತುಂಬುತ್ತಿದ್ದಳು. ನಕಾಟೊ ಮಂಚದ ಮೇಲೆ ಕೂತು ನೋಡುತ್ತಿದ್ದಳು. ಅವಳ ಕತ್ತು ಆಗಾಗ ಎಳೆಯುತ್ತಿತ್ತು. ನಲೊಂಗೊ ಹೊರಗೆ ದಾರಿಗೆಂದು ಮೊಟ್ಟೆ ಬೇಯಿಸುತ್ತಿದ್ದಳು.

“ನಿಜ ಹೇಳು,” ಎಂದಳು ನಕಾಟೊ. “ಕಕ್ಕಸಿಗೆ ಓಡಿಸಿದ ಔಷಧಿ ಮಾರೋ ಸೆಂಗಾಗೆ ನೀನ್ಯಾಕೆ ಬೇಕು?”

ಬಬಿರ್ಯೆ ಎರಡು ಲಂಗ ಮಡಿಚಿಟ್ಟು, ಬಾಳೆತೋಟದಲ್ಲಿ ಆದ ಮಾತನ್ನೆಲ್ಲ ಹೇಳಿದಳು. ನಕಾಟೊ ಅಳುತ್ತಾಳೆ, ಇಲ್ಲದಿದ್ದರೆ ಓಡಿಹೋಗಿ ಅಜ್ಜಿಗೆ ಹೇಳುತ್ತಾಳೆ ಎಂದುಕೊಂಡಿದ್ದಳು. ನಕಾಟೊ ಎರಡೂ ಮಾಡಲಿಲ್ಲ.

“ಶಾಲೇಲೂ ನನ್ನ ಹೆಸರೇನಾ?”

“ಶಾಲೇಲೂ. ಅಲ್ಲಿಯ ಮಕ್ಕಳ ಅಮ್ಮಂದಿರೇ ಸೆಂಗಾ ಗಿರಾಕಿಗಳು.”

“ಹಂಗಾದ್ರೆ ಕಂಪಾಲಾಕ್ಕೆ ಹೋಗ್ತಿರೋಳು ನಾನೇ.” ನಕಾಟೊ ಗೋಡೆಗೆ ಒರಗಿ ಕಾಲು ನೀಡಿದಳು. “ಓದಿ ಫಸ್ಟ್ ಬಂದ್ರೆ ನಕಾಟೊ ಬಂದ್ಲು ಅಂತಾರೆ. ಶೂಸು ನಕಾಟೊಂದು. ಕೈತಟ್ಟೋದು ನಕಾಟೊಗೆ. ನಾನಿಲ್ಲಿ ಸುಮ್ನೆ ಬಾಳೆಕಾಯಿ ಸುಲೀತಾ ಇರ್ತೀನಿ, ಅಲ್ಲಿ ನನ್ನ ಹೆಸರು ಬೆಳೀತಾ ಇರುತ್ತೆ. ಹೋಗು ಹೋಗು. ಚೆನ್ನಾಗಿ ಓದು. ಹಕ್.”

ಬಬಿರ್ಯೆ ಚೀಲದ ಬಾಯಿ ಹಿಡಿದು ನಿಂತುಬಿಟ್ಟಳು. ತಂಗಿ ಹೇಳಿದ್ದರಲ್ಲಿ ಒಂದಕ್ಷರವೂ ಹುಸಿಯಿರಲಿಲ್ಲ. ಅವಳು ಒಂದು ಲಂಗ ಹೊರತೆಗೆದಳು, ಇನ್ನೊಂದು ತೆಗೆದಳು, ಟವೆಲು ತೆಗೆದಳು. ಸೆಂಗಾ ಬಾಗಿಲಿಗೆ ಬಂದು ಟ್ಯಾಕ್ಸಿಗೆ ಜನ ತುಂಬುತ್ತಿದ್ದಾರೆ, ಬೇಗ ಎಂದಳು.

ಬಬಿರ್ಯೆ ಅವಳ ಮುಂದೆ ಮಂಡಿಯೂರಿದಳು.

“ನಾನು ಬರಲ್ಲ ಸೆಂಗಾ.”

“ಯಾಕೆ? ಅಜ್ಜಿ ಏನಾದ್ರೂ ಅಂದ್ಲಾ?”

“ಇಲ್ಲ.”

“ಸುಳ್ಳು ಹೇಳೋಕೆ ಭಯಾನಾ?”

“ಸುಳ್ಳಿಗಲ್ಲ. ಇವಳಿಗೆ ಇಷ್ಟು ವರ್ಷ ಎಲ್ಲದರಲ್ಲೂ ಅರ್ಧ ಕೊಟ್ಟಿದೀನಿ. ನನ್ನ ಫಸ್ಟ್ ಕ್ಲಾಸು ಪೂರ್ತಿ ಕೊಡೋಕೆ ನನ್ನ ಕೈಲಾಗಲ್ಲ.”

ಸೆಂಗಾ ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿದಳು. ನಲೊಂಗೊ ಬಂದು ಕೇಳಿದಳು, ಬೈದಳು, ಇಂಥ ಶಾಲೆ ಮತ್ತೆ ಸಿಗುತ್ತದೆಯೇ ಎಂದಳು. ಸಿಗುವುದಿಲ್ಲ ಎಂಬುದು ಬಬಿರ್ಯೆಗೂ ಗೊತ್ತಿತ್ತು. ಫೆಬ್ರವರಿಯಲ್ಲಿ ಅವಳಿಗಳಿಬ್ಬರೂ ನ್ಯೆಂಡೊದ ಡೇ ಸ್ಕೂಲಿಗೇ ಸೇರಿದರು, ತಗಡಿನ ಗೋಡೆಯ ಕೋಣೆ, ಬೆಂಚಿಗೆ ಐದು ಜನ. ಆದರೆ ಆ ಬೆಳಿಗ್ಗೆ ಅವಳು ಮಂಡಿಯ ಮೇಲಿಂದ ಏಳಲಿಲ್ಲ, ಮಾತೂ ಬದಲಿಸಲಿಲ್ಲ.

ಸೆಂಗಾ ನಬ್ಬೋಸಾ ಬೇಯಿಸಿದ ಮೊಟ್ಟೆಗಳನ್ನು ಕಟ್ಟಿಸಿಕೊಂಡಳು. ಮುಚ್ಚಳ ತೆರೆಯದೆ ಉಳಿದಿದ್ದ ಎರಡನೇ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು, ತಾಯಿಗೆ ಹೇಳದೆ, ಎಂಟು ಗಂಟೆಯ ಟ್ಯಾಕ್ಸಿಗೆ ಒಬ್ಬಳೇ ಹೊರಟುಹೋದಳು. ಅದು ಜನವರಿ ತಿಂಗಳ ಕೊನೆಯ ಸೋಮವಾರ.